ಉಣಕಲ್ಲಿನ ವಸಡು, ಧಾರವಾಡದ ಬಾಟಲಿ

ಮನುಷ್ಯರ ವಸಡಿನ ಚೂರನ್ನು ಚಹಾದ ಫ್ಲಾಸ್ಕಿನಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಓಡಾಡುವವರು ಆಗ ಹುಬ್ಬಳ್ಳಿ-ಧಾರವಾಡದ ನಡುವೆ ನಾನೊಬ್ಬಳೇ ಇದ್ದೆನೆಂದು ಕಾಣುತ್ತದೆ. ಫ್ಲಾಸ್ಕಿನ ತುಂಬ ಪುಡಿ ಮಾಡಿದ ಮಂಜುಗಡ್ಡೆ, ನಡುವೆ ಬಿಗಿ ಮುಚ್ಚಳದ ಸಣ್ಣ ಕೊಳವೆ, ಕೊಳವೆಯಲ್ಲಿ ಗುಲಾಬಿ ಬಣ್ಣದ ಪೋಷಕ ದ್ರವ, ಅದರೊಳಗೆ ಅಕ್ಕಿಕಾಳಿಗಿಂತ ತುಸು ದೊಡ್ಡ ವಸಡಿನ ತುಣುಕು. ಒಮ್ಮೆ ಕಂಡಕ್ಟರು, "ದಿನಾ ಚಾ ಹೊತ್ಕೊಂಡು ಹೊಂಟಿರ್ತೀರಿ, ನಮಗೂ ಒಂದ್ ಗುಟುಕು ಕೊಡ್ರಲಾ" ಎಂದ. ಆರಿಹೋಗಿದೆ ಎಂದೆ. ಸುಳ್ಳೇನೂ ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಹುಬ್ಬಳ್ಳಿಯಲ್ಲಿ ವಸಡಿನ ರೋಗಗಳ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ರೋಗಿಗಳು ಹುಬ್ಬಳ್ಳಿಯಲ್ಲಿ, ಕೋಶಗಳನ್ನು ಬೆಳೆಸುವ ಪ್ರಯೋಗಾಲಯ ಧಾರವಾಡದಲ್ಲಿ. ಹಾಗಾಗಿ ಗೋಪನಕೊಪ್ಪದ ನನ್ನ ಮನೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹೊತ್ತು ನಾನು ಆ ರಸ್ತೆಯ ಮೇಲೆಯೇ ಇರುತ್ತಿದ್ದೆ.

ನನ್ನ ಪ್ರಬಂಧದ ವಿಷಯ ಹೈಯಾಲುರಾನಿಕ್ ಆಸಿಡ್. ಹೆಸರಿನಲ್ಲಿ ಆಸಿಡ್ ಇದ್ದರೂ ಅದು ಸುಡುವ ವಸ್ತುವಲ್ಲ. ನಮ್ಮ ಕೀಲುಗಳಲ್ಲಿ, ಕಣ್ಣಿನಲ್ಲಿ, ವಸಡಿನಲ್ಲಿ ಕೋಶಕೋಶಗಳ ನಡುವೆ ನೀರನ್ನು ಹಿಡಿದಿಟ್ಟುಕೊಂಡು ಕೂತಿರುವ ಲೋಳೆಯಂಥ ಪದಾರ್ಥ. ಗಾಯವಾದಾಗ ಕೋಶಗಳು ಅದನ್ನು ಆಧಾರ ಮಾಡಿಕೊಂಡು ಗಾಯದ ಕಡೆಗೆ ತೆವಳುತ್ತವೆ. ಅದರ ಜೆಲ್ ಆಗಷ್ಟೇ ದಂತವೈದ್ಯರ ಮೇಜಿಗೆ ಬಂದಿತ್ತು. ಹಚ್ಚಿದರೆ ವಸಡು ಬೇಗ ಮಾಯುತ್ತದೆ ಎಂದು ಅದರ ಜೊತೆ ಬಂದ ಚೀಟಿ ಹೇಳುತ್ತಿತ್ತು. ನನ್ನ ಗೈಡ್ ಆ ಚೀಟಿಯನ್ನು ಮಡಚಿ ನನ್ನ ಕೈಗಿಟ್ಟು, "ಚೀಟಿಯಾಗ ಎಲ್ಲಾ ಛಲೋನ ಬರದಿರ್ತಾರ ನೋಡವಾ. ನೀ ಕೋಶಗಳನ್ನ ಕೇಳು, ಅವು ಏನಂತಾವ ಅಂತ" ಎಂದರು. ಕೇಳುವ ಕೆಲಸ ಇಷ್ಟು ಕಠಿಣವೆಂದು ಅವರು ಹೇಳಲಿಲ್ಲ.

ಕೆಲಸ ಹೀಗೆ. ಹಲ್ಲು ಕೀಳುವಾಗ ಹೇಗೂ ಕತ್ತರಿಸಿ ಬಿಸಾಡಬೇಕಾದ ವಸಡಿನ ಅಂಚನ್ನು ರೋಗಿಯ ಒಪ್ಪಿಗೆ ಪಡೆದು ಇಟ್ಟುಕೊಳ್ಳುತ್ತಿದ್ದೆ. ಧಾರವಾಡದಲ್ಲಿ ಅದನ್ನು ಮೂರ್ನಾಲ್ಕು ಸಲ ತೊಳೆದು, ಎರಡು ಬ್ಲೇಡುಗಳಿಂದ ಸಾಸಿವೆಯಷ್ಟು ಸಣ್ಣಗೆ ಹೆಚ್ಚಿ, ಚಪ್ಪಟೆ ಬಾಟಲಿಯ ತಳಕ್ಕೆ ಅಂಟಿಸಬೇಕು. ಒಂದು ವಾರದ ಮಟ್ಟಿಗೆ ಬಾಟಲಿಯನ್ನು ಅಲುಗಿಸುವಂತಿಲ್ಲ. ಎಲ್ಲವೂ ಸರಿಯಾದರೆ ಚೂರುಗಳ ಅಂಚಿನಿಂದ ಉದ್ದುದ್ದ, ಎರಡೂ ತುದಿ ಚೂಪಾದ ಕೋಶಗಳು ಹೊರಬಂದು ತಳದ ಮೇಲೆ ಹರಡುತ್ತವೆ. ಬಾಟಲಿ ತುಂಬಿದ ಮೇಲೆ ಅವನ್ನು ಬಿಡಿಸಿ ಹೊಸ ಬಾಟಲಿಗಳಿಗೆ ಹಂಚಬೇಕು. ಹೀಗೆ ಪೀಳಿಗೆಯಿಂದ ಪೀಳಿಗೆಗೆ. ನನ್ನ ಮೊದಲ ಬಾಟಲಿಗಳಲ್ಲಿ ಕೋಶದ ಬದಲು ಬೂಷ್ಟು ಬೆಳೆಯಿತು. ಮಳೆಗಾಲದ ಧಾರವಾಡದಲ್ಲಿ ಬೂಷ್ಟು ಎಲ್ಲಿ ತಾನೇ ಬೆಳೆಯುವುದಿಲ್ಲ. ಮುಂದಿನ ಸಲ ಕೋಶಗಳು ಚೆನ್ನಾಗಿ ಬಂದವು, ಜೆಲ್ ಹಾಕಿದ ಮರುದಿನ ಎಲ್ಲವೂ ಸತ್ತು ತೇಲುತ್ತಿದ್ದವು. ಜೆಲ್ ಕೆಡದಿರಲೆಂದು ಬೆರೆಸಿದ, ಬಾಯಲ್ಲಾದರೆ ಜೊಲ್ಲಿನೊಂದಿಗೆ ತೊಳೆದುಹೋಗುವ ಔಷಧವೇ ಬಾಟಲಿಯಲ್ಲಿ ಕೋಶಗಳನ್ನು ಕೊಂದಿತ್ತೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಆಮೇಲೆ ಶುದ್ಧ ಪುಡಿ ತರಿಸಿ, ತಣ್ಣನೆಯ ದ್ರವದಲ್ಲಿ ನಿಧಾನಕ್ಕೆ ಕರಗಿಸಿ ಹಾಕಿದೆ. ಮಂದವಾಗಿ ಹಾಕಿದರೆ ಕೋಶಗಳು ಕೆಸರಿನಲ್ಲಿ ಕಾಲು ಹೂತವರ ಹಾಗೆ ನಿಲ್ಲುತ್ತಿದ್ದವು, ತೆಳುವಾಗಿ ಹಾಕಿದರೆ ಚುರುಕಾಗಿ ಹೊರಡುತ್ತಿದ್ದವು. ಅಂತೂ ದಾರಿ ಸಿಕ್ಕಿತು ಎಂದುಕೊಳ್ಳುವ ಹೊತ್ತಿಗೆ ಉಣಕಲ್ಲಿನ ಆ ಹೆಣ್ಣುಮಗಳು ಬಂದರು.

ನಲವತ್ತು ದಾಟಿದ ವಯಸ್ಸು. ಗಂಡ ಲಾರಿಯ ಮೇಲೆ ಊರೂರು ತಿರುಗುವವರು. ಅವರ ಅಣ್ಣನ ಜೊತೆ, ಅಂದರೆ ತನ್ನ ಭಾವನ ಜೊತೆ, ಆಕೆ ದವಾಖಾನೆಗೆ ಬಂದಿದ್ದರು. ಮನೆಯಲ್ಲಿ ಕೌದಿ ಹೊಲಿಯುವುದು ಆಕೆಯ ಉದ್ಯೋಗ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ಹಿಂದಿನ ದವಡೆ ಹಲ್ಲು ಪೂರ್ತಿ ಹುಳುಕಾಗಿತ್ತು, ಅದನ್ನು ಕೀಳಬೇಕಿತ್ತು. ಅದಕ್ಕಿಂತ ಚಿಂತೆಯದು ಕೆಳಸಾಲಿನ ಮುಂದಿನ ನಾಲ್ಕು ಹಲ್ಲು. ವಸಡು ಕೆಳಗೆ ಸರಿದು ಬೇರು ಕಾಣುತ್ತಿತ್ತು.

ನಮ್ಮಲ್ಲಿ ರೋಗಿಗೆ ಕೇಳಿದ ಪ್ರಶ್ನೆಗೆ ಜೊತೆಗೆ ಬಂದವರು ಉತ್ತರ ಕೊಡುವುದು ರೂಢಿ. ಅದರಲ್ಲೂ ರೋಗಿ ಹೆಂಗಸಾಗಿ ಬಂದವರು ಮನೆಯ ಹಿರಿಯರಾದರೆ ಮುಗಿಯಿತು. ಸಕ್ಕರೆ ಕಾಯಿಲೆ ಇದೆಯೇ ಎಂದರೆ ಭಾವ "ಇಲ್ರಿ" ಎಂದರು. ತಂಬಾಕು, ಎಲೆ ಅಡಿಕೆ, ಏನಾದರೂ ಅಭ್ಯಾಸ ಇದೆಯೇ ಎಂದೆ. "ಛೇ, ನಮ್ಮ ಮನ್ಯಾಗ ಹೆಣಮಕ್ಕಳು ಅಂಥಾದ್ದೇನೂ ಮುಟ್ಟೂದಿಲ್ರಿ" ಎಂದರು ಭಾವ. ಆಕೆ ತಲೆ ತಗ್ಗಿಸಿ ಕೂತಿದ್ದರು. ದಾರವನ್ನು ಹಲ್ಲಿನಿಂದ ಕಡಿಯುತ್ತೀರಾ ಎಂದು ಕೇಳಿದ್ದಕ್ಕೆ ಮಾತ್ರ ತಾವೇ ಬಾಯಿ ತೆರೆದು, "ಮತ್ತ್ಯಾತರಲೆ ಕಡೀಬೇಕ್ರಿ?" ಎಂದು ಗೊಳ್ಳೆಂದು ನಕ್ಕರು. ಒಳ್ಳೆಯ ನಗು, ಇಡೀ ಕೋಣೆಗೆ ಕೇಳಿಸುವಂಥದು. ವಸಡು ಸರಿದ ಕಾರಣ ನನಗೆ ಸಿಕ್ಕಿಬಿಟ್ಟಿತ್ತು. ಇನ್ನು ಮೇಲೆ ಕತ್ತರಿ ಬಳಸಿ ಎಂದು ಬುದ್ಧಿ ಹೇಳಿದೆ.

ಹಲ್ಲು ಕಿತ್ತ ಜಾಗಕ್ಕೆ ಹಚ್ಚುವ ಜೆಲ್ಲಿನ ಹೆಸರು ಕೇಳಿ ಆಕೆ ಬಾಯಿ ಮುಚ್ಚಿಕೊಂಡರು. "ಆಸಿಡ್ ಅಂದ್ರ ಲಾರಿ ಬ್ಯಾಟರಿಗೆ ಹಾಕೂದಲ್ಲೇನ್ರಿ? ಅದನ್ನ ಬಾಯಾಗ ಹಾಕ್ತೀರಿ?" ಅದನ್ನು ವಿವರಿಸಿ, ಬಿಸಾಡುವ ವಸಡಿನ ಚೂರನ್ನು ಪರೀಕ್ಷೆಗೆ ಕೊಡುವಿರಾ ಎಂದು ಕೇಳಿದೆ. "ತಗೋರಿ, ತಗೋರಿ. ನನಗೇನ್ ಉಪಯೋಗ ಅದು" ಎಂದರು.

ಆ ಚೂರು ಫ್ಲಾಸ್ಕಿನಲ್ಲಿ ಕೂತು ಆಕೆಯ ಊರಿನ ಮುಂದೆಯೇ ಹಾದು ಧಾರವಾಡ ಸೇರಿತು.

ಉಳಿದ ದಾನಿಗಳ ಕೋಶಗಳು ಹೊರಬಂದು ಬಾಟಲಿ ತುಂಬುವ ಹೊತ್ತಿಗೆ ಈಕೆಯವು ಅಂಚಿನಲ್ಲಿ ಹಿಂದೆಮುಂದೆ ನೋಡುತ್ತಿದ್ದವು. ಬಂದವೂ ಸೊರಗಿದ್ದವು, ಒಡಲಲ್ಲಿ ಸಣ್ಣಸಣ್ಣ ಗುಳ್ಳೆ. ಅಂತೂ ಬಾಟಲಿಯ ತಳ ತುಂಬಿಸಿ ಗೀರು ಪರೀಕ್ಷೆ ಮಾಡಿದೆ. ಕೋಶಗಳನ್ನು ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ಹಂಚಿ, ಅಲ್ಲಿ ಹರಡಿದ ಕೋಶಗಳ ನಡುವೆ ಸಣ್ಣ ಕೊಳವೆಯ ತುದಿಯಿಂದ ನೇರ ಗೀರು ಎಳೆಯುವುದು. ಆ ಗೀರೇ ಗಾಯ. ಒಂದು ಗುಳಿಗೆ ಬರೀ ದ್ರವ, ಇನ್ನೊಂದಕ್ಕೆ ಹೈಯಾಲುರಾನಿಕ್ ಆಸಿಡ್ ಬೆರೆಸಿದ ದ್ರವ. ಮರುದಿನ ಯಾವ ಗೀರು ಎಷ್ಟು ಮುಚ್ಚಿದೆ ನೋಡುವುದು. ಬೇರೆಯವರ ಕೋಶಗಳು ಆಸಿಡ್ ಇದ್ದ ಕಡೆ ಎರಡೂ ದಂಡೆಯಿಂದ ಬಂದು ಕೈಕೈ ಹಿಡಿದಿದ್ದವು. ಈಕೆಯ ಗೀರು ಎರಡೂ ಗುಳಿಗಳಲ್ಲಿ ಹಾಗೇ ಬಾಯ್ದೆರೆದು ಕೂತಿತ್ತು. ಮತ್ತೊಮ್ಮೆ ಮಾಡಿದೆ. ಮತ್ತೆ ಅದೇ.

ದವಾಖಾನೆಯಲ್ಲೂ ಅದೇ ಕಥೆ. ಹಲ್ಲು ಕಿತ್ತ ಜಾಗ ಜೆಲ್ ಹಚ್ಚಿದರೂ ಮಾಯಲು ಮೀನಮೇಷ ಎಣಿಸುತ್ತಿತ್ತು. ಗೈಡ್ ಬಾಯಿ ನೋಡಿದರು, ನನ್ನ ಗೀರುಗಳ ಫೋಟೊ ನೋಡಿದರು. ಮುಂದಿನ ಹಲ್ಲುಗಳಿಗೆ ಅಂಗುಳಿನಿಂದ ಪಟ್ಟಿ ತೆಗೆದು ವಸಡಿನ ಕಸಿ ಮಾಡುವುದೆಂದು ನಾವು ಯೋಚಿಸಿದ್ದೆವು. "ಬಾಯೀನೂ ಅದನ್ನ ಹೇಳಾಕತ್ತೈತಿ, ನಿನ್ನ ಬಾಟಲೀನೂ ಅದನ್ನ ಹೇಳಾಕತ್ತೈತಿ" ಎಂದರು. "ಈ ವಸಡಿಗೆ ಕಸಿ ಹಿಡಿಯೂದಿಲ್ಲ. ಸುಮ್ಮನ ಆಕಿಗೆ ಎರಡು ಗಾಯ ಮಾಡಿದಂಗಾಗ್ತದ. ನಾಲ್ಕೂ ತಗದು ಹಲ್ಲಿನ ಸೆಟ್ ಕೊಟ್ಟುಬಿಡೂಣು."

ಇದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಮುಂದಿನ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. "ನಮ್ಮವ್ವಗೂ ನನ್ನ ವಯಸ್ಸಿನ್ಯಾಗ ಮುಂದಿನ ಹಲ್ಲು ಹೋಗಿದ್ದುವ್ರಿ. ಅಲ್ಲಿಂದ ಆಕಿ ಮಂದಿ ಮುಂದ ನಕ್ಕಿದ್ದು ನಾ ನೋಡೇ ಇಲ್ಲ. ಸೆರಗು ಬಾಯಿಗೆ ಹಿಡದ ಮಾತಾಡಾಕಿ, ಸಾಯೂತನ. ನೋಡ್ರಿ ಡಾಕ್ಟ್ರ, ಉಳದದ್ದು ಏನರ ತಗೋರಿ, ಈ ನಾಲ್ಕು ಬಿಡ್ರಿ" ಎಂದರು. ಹೋಗುವಾಗ ಆಕೆಯ ಕೈ ತಾನಾಗಿ ಸೆರಗನ್ನು ಬಾಯಿಗೆ ಒಯ್ದಿತ್ತು.

ಮುಂದಿನ ತಪಾಸಣೆಗೆ ಆಕೆ ಬರಲಿಲ್ಲ. ನನ್ನದು ಸ್ವಲ್ಪ ಹಟದ ಸ್ವಭಾವ. ಧಾರವಾಡದಿಂದ ಹಿಂದಿರುಗುವಾಗ ಒಂದು ಮಧ್ಯಾಹ್ನ ಉಣಕಲ್ಲಿನಲ್ಲಿ ಇಳಿದು ಮನೆ ಕೇಳಿಕೊಂಡು ಹೋದೆ. ಅಂಗಳದಲ್ಲಿ ದೊಡ್ಡ ಕೌದಿ ಹಾಸಿತ್ತು, ಸುತ್ತ ನಾಲ್ಕೈದು ಹೆಂಗಸರು. ಮೆಣಸಿನಕಾಯಿ ಹುರಿದಂತೆ, ಆದರೆ ಅದಕ್ಕಿಂತ ಕಟುವಾದ ಘಾಟು. ಒಂದು ಪುಟ್ಟ ತಗಡಿನ ಡಬ್ಬಿ ಕೈಯಿಂದ ಕೈಗೆ ಕೌದಿಯ ಸುತ್ತ ಹೊರಟಿತ್ತು. ನಮ್ಮಾಕೆ ಅದರಿಂದ ಕಪ್ಪು ಪುಡಿಯನ್ನು ಬೆರಳಿನಲ್ಲಿ ತೆಗೆದು ವಸಡಿಗೆಲ್ಲ ಉಜ್ಜಿ, ಉಳಿದದ್ದನ್ನು ಕೆಳತುಟಿಯ ಒಳಗೆ ಇಟ್ಟುಕೊಂಡು ತಲೆ ಎತ್ತಿದರೆ ಎದುರಿಗೆ ನಾನು.

ಮಿಶ್ರಿ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಾಗುವಂತೆ ಹುರಿದು ಮಾಡುವ ಪುಡಿ.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ನಾನು ದಾರಕ್ಕೆ ಬೈಯುತ್ತಿದ್ದೆ, ತರಿಸಿದ ಆಸಿಡ್ ಪುಡಿಯ ಶುದ್ಧತೆಯನ್ನು ಅನುಮಾನಿಸುತ್ತಿದ್ದೆ, ನನ್ನ ಕೈಯನ್ನೇ ಅನುಮಾನಿಸುತ್ತಿದ್ದೆ. ತಂಬಾಕಿನ ಸಾರ ಇಂಥ ಕೋಶಗಳ ಕಾಲು ಕಟ್ಟಿಹಾಕುತ್ತದೆಂಬುದು ನಾನು ಓದಿ ತಿಳಿದದ್ದೇ. "ಅವತ್ತ ಯಾಕ ಹೇಳಲಿಲ್ಲ ಅಕ್ಕಾರ? ಕೇಳಿದ್ದೆ ಹೌದಲ್ಲ?" ಎಂದೆ.

ಆಕೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು ನನ್ನನ್ನು ಕಟ್ಟೆಯ ಮೇಲೆ ಕೂರಿಸಿದರು. "ಭಾವನೋರು ಬಾಜೂಕ ಕುಂತಿದ್ರಲ್ರಿ. ಅವರು ಮನ್ಯಾಗ ಯಾರೂ ಮುಟ್ಟೂದಿಲ್ಲ ಅಂದ್ರು. ಅವರು ಹಂಗಂದ ಮ್ಯಾಲ ನಾ ಹೌದು ಅಂದ್ರ, ನಾಕ ಮಂದಿ ಮುಂದ ಅವರ ಮಾತು ತಗದು ಹಾಕಿದಂಗ ಆಗ್ತಿದ್ದಿಲ್ಲೇನ್ರಿ? ಹಿರೇರು. ಇವರು ಊರಾಗ ಇಲ್ಲದಾಗ ಮನಿ ಸಂಭಾಳಿಸಾವ್ರು."

"ಅವರಿಗೆ ಗೊತ್ತಿಲ್ಲೇನು, ನೀವು ಮಿಶ್ರಿ ಹಚ್ಚೂದು?"

"ಗೊತ್ತಿದ್ರೂ ಗಂಡಸರು ಕೇಳೂದಿಲ್ರಿ. ನಾವೂ ಹೇಳೂದಿಲ್ಲ."

ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಅಷ್ಟು ಜನರಿದ್ದ ಕೋಣೆಯಲ್ಲಿ ಒಬ್ಬರ ಮಾನ ಉಳಿಸಲು ಇನ್ನೊಬ್ಬರು ಬಾಯಿ ಮುಚ್ಚಿಕೊಂಡರೆ ಅಂಥವರನ್ನು ಬೈಯುವುದು ಹೇಗೆ? ಅಂದಿನಿಂದ ನಮ್ಮ ವಿಭಾಗದಲ್ಲಿ ರೋಗಿಯ ಅಭ್ಯಾಸಗಳನ್ನು ವಿಚಾರಿಸುವಾಗ ಜೊತೆಯವರನ್ನು ಹೊರಗೆ ಕೂರಿಸುವ ಪದ್ಧತಿ ಶುರುವಾಯಿತು.

ಗೈಡಿಗೆ ಹೇಳಿದೆ. ಅವರು ತಕ್ಷಣ, "ತಂಬಾಕು ಬಳಸಾವರನ್ನ ತಗೊಳ್ಳಬಾರದು ಅಂತ ನಾವ ನಿಯಮ ಹಾಕೇವಿ. ಆ ಬಾಟಲಿ ತಗದು ಹಾಕು. ಬ್ಯಾರೆ ದಾನಿ ಹುಡುಕು" ಎಂದರು. ನಿಯಮದ ಪ್ರಕಾರ ಅದು ಸರಿ. ಪ್ರಯೋಗಾಲಯಕ್ಕೆ ಹೋಗಿ ಬಾಟಲಿಯನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಕೊನೆಯದಾಗಿ ಒಮ್ಮೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಮುಂದಿನ ಪೀಳಿಗೆಗೆ ಹಂಚಿದ್ದ ಬಾಟಲಿ ಅದು. ಕೋಶಗಳ ಒಡಲಿನ ಗುಳ್ಳೆಗಳು ಮೊದಲಿಗಿಂತ ಕಡಿಮೆಯಾಗಿದ್ದವು. ನನ್ನ ಕಣ್ಣಿನ ಆಸೆಯೋ ಏನೋ ಎಂದುಕೊಂಡು ಪಕ್ಕದ ಸಂಶೋಧಕಿಯನ್ನು ಕರೆದು ತೋರಿಸಿದೆ. ಅವಳೂ ಹೌದೆಂದಳು. ಆಗ ಹೊಳೆಯಿತು. ಈ ಕೋಶಗಳು ಆಕೆಯ ಬಾಯಿ ಬಿಟ್ಟ ದಿನದಿಂದ ತಂಬಾಕು ಕಂಡಿಲ್ಲ. ಇನ್ನೊಂದೆರಡು ಪೀಳಿಗೆ ಬೆಳೆಸಿದರೆ? ಅವು ಚೇತರಿಸಿಕೊಂಡರೆ ಆಕೆಯ ವಸಡೂ ಚೇತರಿಸಿಕೊಳ್ಳಬಹುದಲ್ಲ? ಬಾಟಲಿಯನ್ನು ಎಸೆಯಲಿಲ್ಲ.

ಗೈಡ್ ಎದುರು ನಿಂತು ಕೇಳಿದೆ. "ಪ್ರಬಂಧದಾಗ ಇದು ಬರೂದಿಲ್ಲ, ತಿಳೀತಿಲ್ಲೋ?" ಎಂದರು. ತಿಳಿದಿದೆ ಎಂದೆ. "ಅದರಿಂದ ಬೂಷ್ಟು ಬಂದು ಉಳದ ಬಾಟಲಿ ಕೆಟ್ರ ನೀನ ಜವಾಬ್ದಾರಿ." ಅದಕ್ಕೂ ಹೂಂ ಎಂದೆ.

ಬೂಷ್ಟು ಬರಲಿಲ್ಲ, ಗ್ಯಾಸ್ ಹೋಯಿತು. ಕೋಶಗಳಿಗೆ ಬೆಚ್ಚನೆಯ ಪೆಟ್ಟಿಗೆಯಷ್ಟೇ ಸಾಲದು, ಗಾಳಿಯಲ್ಲಿ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಬೇಕು. ಇಲ್ಲವಾದರೆ ದ್ರವದ ಗುಲಾಬಿ ಬಣ್ಣ ನೇರಳೆಗೆ ತಿರುಗಿ ಕೋಶಗಳು ಸಾಯುತ್ತವೆ. ಸಿಲಿಂಡರ್ ಬರುತ್ತಿದ್ದದ್ದು ಬೇಲೂರು ಕೈಗಾರಿಕಾ ಪ್ರದೇಶದ ಒಂದು ಘಟಕದಿಂದ. ಅಲ್ಲಿ ಯಂತ್ರ ಕೆಟ್ಟಿದೆ, ವಾರ ಹಿಡಿಯುತ್ತದೆ ಎಂದರು. ಪ್ರಯೋಗಾಲಯದ ಹಿರಿಯರೊಬ್ಬರು ಹಳೆಯ ಉಪಾಯ ಹೇಳಿಕೊಟ್ಟರು. ದೊಡ್ಡ ಗಾಜಿನ ಜಾಡಿಯೊಳಗೆ ಬಾಟಲಿಗಳನ್ನಿಟ್ಟು, ಮೇಣಬತ್ತಿ ಹಚ್ಚಿ, ಅಂಚಿಗೆ ಗ್ರೀಸ್ ಸವರಿ ಮುಚ್ಚುವುದು. ಬತ್ತಿ ಉರಿದು ತಾನಾಗಿ ಆರುವಷ್ಟರಲ್ಲಿ ಒಳಗೆ ಬೇಕಾದಷ್ಟು ಅನಿಲ ತುಂಬಿರುತ್ತದೆ. ದೇವರ ಮುಂದೆ ದೀಪ ಹಚ್ಚುವಷ್ಟು ಭಕ್ತಿಯಿಂದ ದಿನವೂ ಆ ಬತ್ತಿ ಹಚ್ಚಿದೆ. ದ್ರವದ ಬಣ್ಣ ಕೆಡಲಿಲ್ಲ.

ಸಿಲಿಂಡರ್ ಬಂದ ಮೇಲೆ, ಇನ್ನೊಂದು ಪೀಳಿಗೆ ದಾಟಿಸಿ ಮತ್ತೆ ಗೀರು ಎಳೆದೆ. ಮರುದಿನ ಬಸ್ಸಿನಲ್ಲಿ ಕೂರಲಾಗದೆ ಬಾಗಿಲ ಹತ್ತಿರವೇ ನಿಂತು ಹೋದೆ. ಬರೀ ದ್ರವದ ಗುಳಿಯಲ್ಲಿ ಗೀರು ಅರ್ಧ ತುಂಬಿತ್ತು. ಹೈಯಾಲುರಾನಿಕ್ ಆಸಿಡ್ ಇದ್ದ ಗುಳಿಯಲ್ಲಿ ಗೀರು ಎಲ್ಲಿತ್ತೆಂದು ಹುಡುಕಬೇಕಾಯಿತು. ಕೋಶಗಳು ಕೌದಿಯ ಹೊಲಿಗೆಯಂತೆ ಸಾಲುಸಾಲಾಗಿ ಹಾಸಿಕೊಂಡಿದ್ದವು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಇಂಥದಕ್ಕೆ ಅಳುವವರನ್ನು ನಾನು ಮೊದಲು ಗೇಲಿ ಮಾಡುತ್ತಿದ್ದೆ.

ಗೈಡ್ ಫೋಟೊಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಒಬ್ಬಾಕಿ ವಸಡಿನ ಮ್ಯಾಲ ಸಿದ್ಧಾಂತ ಕಟ್ಟಾಕ ಬರೂದಿಲ್ಲ."

"ಸಿದ್ಧಾಂತ ಬ್ಯಾಡ್ರಿ ಸರ್. ಆ ನಾಲ್ಕು ಹಲ್ಲಿಗೆ ಸ್ವಲ್ಪ ದಿವಸ ಕೊಡ್ರಿ, ಸಾಕು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ದೀಪಾವಳಿತನ ಮಿಶ್ರಿ ಮುಟ್ಟಬಾರದು. ಹಿಂದಿನ ಗಾಯ ಪೂರ್ತಿ ಮಾಯಿರಬೇಕು. ಆಮ್ಯಾಲ ನೋಡೂಣು."

ಬಿಡಿ ಎಂದು ಹೇಳಿದರೆ ಬಿಡುವ ಅಭ್ಯಾಸ ಅದಲ್ಲ ಎಂದು ನನಗೆ ಗೊತ್ತಿತ್ತು. ಆಕೆಯನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆ. ಮೊದಲಿಗೆ ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎರಡೂ ಕಣ್ಣು ಮುಚ್ಚಿಕೊಂಡರು. ಆಮೇಲೆ ಹೊಂದಿಕೊಂಡರು. ಹಳೆಯ ಫೋಟೊದಲ್ಲಿ ತೆರೆದೇ ಉಳಿದ ಗೀರು, ಕಣ್ಣಮುಂದಿನ ಗುಳಿಯಲ್ಲಿ ಮುಚ್ಚಿದ ಗೀರು, ಎರಡನ್ನೂ ತೋರಿಸಿ ವಿವರಿಸಿದೆ. ಎರಡೂ ನಿಮ್ಮವೇ, ನಡುವೆ ಆದದ್ದು ಇಷ್ಟೇ, ಇವಕ್ಕೆ ಮಿಶ್ರಿ ಸಿಗಲಿಲ್ಲ ಎಂದೆ.

ಆಕೆ ಕಣ್ಣು ತೆಗೆಯದೆ ಕೇಳಿದರು. "ಇವು ಖರೇ ನನ್ನವ ಏನ್ರಿ?"

"ಖರೇನ ಅಕ್ಕಾರ."

"ಅಂದ್ರ, ನನ್ನ ಬಿಟ್ಟು ಬಂದ ಮ್ಯಾಲ ಛಲೋ ಆಗ್ಯಾವ ಅಂದಂಗಾತು."

ಹಿಂದಿರುಗುವಾಗ ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಉಣಕಲ್ಲಿನಲ್ಲಿ ಇಳಿಯುವಾಗ ಹೋಗಿ ಬರುತ್ತೇನೆ ಎನ್ನಲೂ ಮರೆತರು. ನಾನು ಆಕೆಯನ್ನು ನೋಯಿಸಿಬಿಟ್ಟೆನೇನೋ ಎಂದು ಮನಸ್ಸು ಚುಚ್ಚುತ್ತಿತ್ತು.

ಆದರೆ ಬಿಟ್ಟರು. ಸುಲಭವಾಗಿ ಅಲ್ಲ. ತಲೆನೋವು, ಹೊಟ್ಟೆ ಕಟ್ಟುವುದು, ಮನೆಯವರ ಮೇಲೆ ಹರಿಹಾಯುವುದು ಎಲ್ಲ ಆಯಿತು. ಒಮ್ಮೆ ಮತ್ತೆ ಹಚ್ಚಿ ಬಂದು, ನಾನು ಮುಖ ಗಂಟಿಕ್ಕಿದ್ದಕ್ಕೆ, "ನೀವು ಒಂದ್ ವಾರ ಚಾ ಬಿಟ್ಟು ತೋರಸ್ರಿ ನೋಡೂಣು" ಎಂದು ಸವಾಲು ಹಾಕಿದರು. ಬಿಟ್ಟು ನೋಡಿದೆ, ಮೂರನೆಯ ದಿನಕ್ಕೇ ಸೋತು ಅವರ ಮುಂದೆ ಒಪ್ಪಿಕೊಂಡೆ. ಆಕೆಗೆ ಅದರಿಂದ ಬಹಳ ಸಮಾಧಾನವಾಯಿತು. ಅಂಗಳದ ಉಳಿದವರು ಡಬ್ಬಿ ಬಿಡಲಿಲ್ಲ. ಈಕೆ ಮಾತ್ರ ಜಾಗ ಬದಲಿಸಿದ್ದರು. "ಡಬ್ಬಿ ತಿರುಗೂ ಕಡೆ ಬಿಟ್ಟು, ಕೌದಿ ಆ ಮೂಲಿಗೆ ಒಬ್ಬಾಕಿನ ಕುಂದರ್ತೇನ್ರಿ" ಎಂದರು. ಹಿಂದಿನ ಗಾಯ ಮಾಯಿತು.

ದೀಪಾವಳಿಯ ಪಟಾಕಿ ಸದ್ದು ಅಡಗಿದ ಮೇಲೆ ಕಸಿಗೆ ದಿನ ಗೊತ್ತಾಯಿತು. ಭಾವನೇ ಕರೆದುಕೊಂಡು ಬಂದರು. ಆಕೆ ಒಳಗೆ ಕುರ್ಚಿಯಲ್ಲಿ, ನಾನು ಕೈ ತೊಳೆಯಲು ಹೊರಟಿದ್ದೆ. ಅವರು ಮೊಗಸಾಲೆಯಲ್ಲಿ ನನ್ನನ್ನು ತಡೆದು ತಗ್ಗಿದ ದನಿಯಲ್ಲಿ ಹೇಳಿದರು. "ಡಾಕ್ಟ್ರ, ಮಿಶ್ರಿ ವಿಷಯ ನನಗ ಮೊದಲ ಗೊತ್ತಿತ್ರಿ. ಅವತ್ತ ಹೌದು ಅಂದ್ರ ಅಷ್ಟು ಮಂದಿ ಮುಂದ ಆಕಿಗೆ ನಾಚಿಕಿ ಆಗ್ತದ ಅಂತ ಇಲ್ಲ ಅಂದೆ. ಅದರಿಂದ ಹಲ್ಲಿಗೆ ಧಕ್ಕೆ ಬರ್ತದ ಅಂತ ತಿಳೀಲಿಲ್ಲ. ಆಕಿಗೆ ಹೇಳಬ್ಯಾಡ್ರಿ." ಆಕೆಯ ಮಾನಕ್ಕೆ ಅವರು, ಅವರ ಮಾತಿಗೆ ಆಕೆ. ನಾನು ಇಬ್ಬರಿಗೂ ಏನೂ ಹೇಳದೆ ಕೈ ತೊಳೆಯಲು ಹೋದೆ.

ಅಂಗುಳಿನಿಂದ ತೆಳುವಾದ ಪಟ್ಟಿ ಬಿಡಿಸಿ, ಬರಿದಾದ ಬೇರುಗಳ ಮುಂದೆ ಕೂರಿಸಿ, ಕೂದಲಿನಂಥ ದಾರದಿಂದ ಹೊಲಿದು, ಜೆಲ್ ಸವರಿದೆ. ಗೈಡ್ ಪಕ್ಕದಲ್ಲಿ ನಿಂತಿದ್ದರು, ಕೈ ಹಾಕಲಿಲ್ಲ. ಮುಗಿದ ಮೇಲೆ ಆಕೆ ಕನ್ನಡಿ ಕೇಳಿ, ಜೋಮುಗಟ್ಟಿದ ತುಟಿಯನ್ನು ಬೆರಳಿನಿಂದ ಜಗ್ಗಿ ನೋಡಿಕೊಂಡು, ತೊದಲುತ್ತ, "ಹೊಲಿಗಿ ದೂರ ದೂರ ಬಿದ್ದಾವ್ರಿ" ಎಂದರು. ಗೈಡ್ ನಕ್ಕದ್ದನ್ನು ನಾನು ಆ ದಿನವೇ ಮೊದಲು ನೋಡಿದ್ದು. ದೂರ ಬಿದ್ದ ಹೊಲಿಗೆಯೇ ಕಸಿಯನ್ನು ಹಿಡಿದು ನಿಲ್ಲಿಸಿತು. ಮೊದಲು ಬೆಳ್ಳಗೆ ಬಿಳಿಚಿಕೊಂಡಿದ್ದ ಪಟ್ಟಿ ನಿಧಾನಕ್ಕೆ ಗುಲಾಬಿಗೆ ತಿರುಗಿತು. ನಾಲ್ಕೂ ಹಲ್ಲು ಗಟ್ಟಿ ನಿಂತವು.

ನನ್ನ ಪ್ರಬಂಧ ಮುಗಿಯಿತು. ಅದರಲ್ಲಿ ಆಕೆಯ ಕೋಶಗಳ ಮಾತಿಲ್ಲ, ನಿಯಮ ನಿಯಮವೇ. ಪ್ರಯೋಗಾಲಯದಲ್ಲಿ ನನ್ನ ಜಾಗ ಖಾಲಿ ಮಾಡಬೇಕಾಗಿತ್ತು. ಬಾಟಲಿಗಳಿಗೆ ಬ್ಲೀಚಿಂಗ್ ದ್ರವ ಸುರಿದು ತೊಳೆಯುವುದು ಕೊನೆಯ ಕೆಲಸ. ಆಕೆಯ ಬಾಟಲಿಯನ್ನು ಎಲ್ಲಕ್ಕಿಂತ ಹಿಂದೆ ಇಟ್ಟುಕೊಂಡು, ಕಡೆಗೆ ಅದಕ್ಕೂ ಸುರಿದೆ. ಸಂಕಟವಾಯಿತು.

ಅದಾದ ಕೆಲವು ದಿನಗಳಿಗೆ ಆಕೆ ತಪಾಸಣೆಗೆ ಬಂದರು. ನಾನು ಬಾಯಿ ನೋಡಿ ಕೈ ತೊಳೆಯುತ್ತಿದ್ದಾಗ ಕೇಳಿದರು. "ಆ ಬಾಟಲ್ಯಾಗಿನವು ಹೆಂಗದಾವ್ರಿ?"

ಮುಚ್ಚಿಡಲು ಮನಸ್ಸಾಗಲಿಲ್ಲ. ಕೆಲಸ ಮುಗಿಯಿತು, ತೊಳೆದು ಚೆಲ್ಲಬೇಕಾಯಿತು ಎಂದೆ.

ಆಕೆ ನಾಲಿಗೆಯ ತುದಿಯಿಂದ ಕೆಳಗಿನ ವಸಡನ್ನು ಈ ಕೊನೆಯಿಂದ ಆ ಕೊನೆಯವರೆಗೆ ಒಮ್ಮೆ ಸವರಿ ನೋಡಿಕೊಂಡರು.

"ಹೋಗ್ಲಿ ಬಿಡ್ರಿ. ಇವು ನನ್ನ ಕೂಡ ಇದ್ದೂ ಛಲೋ ಅದಾವಲ್ರಿ" ಎಂದು ಗೊಳ್ಳೆಂದು ನಕ್ಕರು. ಹೊರಗೆ ಕೂತಿದ್ದ ಭಾವ ಏನಾಯಿತೆಂದು ಬಾಗಿಲಲ್ಲಿ ಇಣುಕಿದರು. ಆಕೆ ನಗುತ್ತಲೇ ಇದ್ದರು, ಸೆರಗು ಹೆಗಲ ಮೇಲೆಯೇ ಇತ್ತು.